ಜಾಹೀರಾತಿಗೆ ಹೋದ ದುಡ್ಡು, ವಾಪಸ್ ಬಂದ ಗಿರಾಕಿ: 1998ರ ಒಂದು ಆನ್‌ಲೈನ್ ಡಿವಿಡಿ ಅಂಗಡಿಯ ಪ್ರಕರಣ

ಮೊದಲೇ ಹೇಳ್ಬಿಡ್ತೀನಿ, ಈ ಪ್ರಕರಣದಲ್ಲಿ ಬರೋ ಅಂಗಡಿ, ಅದನ್ನ ಶುರು ಮಾಡಿದವರು, ದುಡ್ಡು ಹಾಕಿದವರು ಯಾರ ಗುರುತೂ ಸಿಗಬಾರ್ದು ಅಂತ ಹೆಸರು, ಊರು ಎಲ್ಲ ತೆಗೆದಿದೀನಿ, ಮೊತ್ತಗಳನ್ನ ದುಂಡಗೆ ಮಾಡಿದೀನಿ. ದುಡ್ಡು ಹಾಕಿದ ಹಿರಿಯರನ್ನ ರಾಯರು ಅಂತ ಕರೀತೀನಿ, ಅದು ಅವರ ಹೆಸರಲ್ಲ. ಅಂಗಡಿಯ ಸುತ್ತ ಇದ್ದ ದೊಡ್ಡ ಕಂಪನಿಗಳ ವಿಷಯ ಎಲ್ಲರಿಗೂ ಗೊತ್ತಿರೋದೇ, ಅವುಗಳ ಹೆಸರು ಹಾಗೇ ಇಟ್ಟಿದೀನಿ. ಈಗ ಬೆಂಗಳೂರಲ್ಲಿ ಸ್ಟಾರ್ಟಪ್‌ಗೆ ಸಣ್ಣ ಮೊತ್ತ ಹಾಕೋ ಸ್ನೇಹಿತರು ತುಂಬ ಜನ ಇದಾರೆ, ಆ್ಯಡ್‌ಗೆ ಇಷ್ಟು ಸುರಿದ್ರೆ ಇಷ್ಟು ಬೆಳೀತೀವಿ ಅನ್ನೋ ಸ್ಲೈಡ್ ಪ್ರತಿಯೊಬ್ಬರ ಮುಂದೇನೂ ಬರತ್ತೆ, ಅವರಿಗೆ ಇದು ಉಪಯೋಗ ಆಗ್ಲಿ ಅಂತಾನೇ ಬರೀತಿರೋದು.

ಹಿನ್ನೆಲೆ

ರಾಯರು ಮೈಸೂರು ಕಡೆಯವರು, ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಚಿಪ್ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ರು, ಕಂಪನಿ ಕೊಟ್ಟ ಸ್ಟಾಕ್ ಮಾರಿ ಕೈಯಲ್ಲಿ ಸ್ವಲ್ಪ ದುಡ್ಡಿತ್ತು. ನಾನು ಆಗ ಅಲ್ಲೇ ಅಕೌಂಟ್ಸ್ ಕೆಲಸದಲ್ಲಿದ್ದೆ, ಅವರ ಹೂಡಿಕೆಗಳ ಲೆಕ್ಕ ನೋಡೋಕೆ ವಾರಾಂತ್ಯ ಅವರ ಮನೆಗೆ ಹೋಗ್ತಿದ್ದೆ, ಹಾಗಾಗಿ ಈ ಅಂಗಡಿಯ ಕಾಗದಪತ್ರ ಶುರುವಿಂದ ಕೊನೆವರೆಗೂ ನನ್ನ ಕಣ್ಣ ಮುಂದೇನೇ ಹಾದು ಹೋಗಿದೆ.

ಅಂಗಡಿ ಶುರು ಮಾಡಿದ ಅಮೆರಿಕನ್ ಮೊದಲು ಎರಡು ವಿಡಿಯೋ ಅಂಗಡಿ ನಡೆಸ್ತಿದ್ದೋನು. ಸಿನಿಮಾ ಅಂದ್ರೆ ಪ್ರಾಣ. ಅವನಿಗೆ ಒಂದು ವಿಷಯ ಬೇರೆಯವರಿಗಿಂತ ಬೇಗ ಹೊಳೀತು. ವಿಎಚ್‌ಎಸ್ ಕಾಲದಲ್ಲಿ ಹೊಸ ಸಿನಿಮಾದ ಕ್ಯಾಸೆಟ್ ಮೊದಮೊದಲು ಬಾಡಿಗೆ ಅಂಗಡಿಗಳಿಗೇ ಅಂತ ಬಿಡ್ತಿದ್ರು, ಒಂದೊಂದಕ್ಕೆ ನೂರು ಡಾಲರ್ ಹತ್ತಿರ ಬೆಲೆ, ಮನೆಯೋರು ಕೊಳ್ಳೋ ಮಾತೇ ಇಲ್ಲ. ಡಿವಿಡಿ 1997ರ ಮಾರ್ಚಲ್ಲಿ ಅಮೆರಿಕಕ್ಕೆ ಬಂದಾಗ ಸ್ಟುಡಿಯೋಗಳು ಮೊದಲ ದಿನದಿಂದಾನೇ ಅದಕ್ಕೆ ಇಪ್ಪತ್ತು ಇಪ್ಪತ್ತೈದು ಡಾಲರ್ ಇಟ್ವು. ಅಂದ್ರೆ ಸಿನಿಮಾನ ಜನ ಪುಸ್ತಕದ ಥರ ಕೊಂಡು ಶೆಲ್ಫಲ್ಲಿ ಇಡ್ತಾರೆ. ಡಿಸ್ಕ್ ಹಗುರ, ಅಂಚೆಯಲ್ಲಿ ಕಳ್ಸೋದು ಸುಲಭ. ದಾಸ್ತಾನು ಇಡೋ ಗೋಜೂ ಕಮ್ಮಿ, ಇಂಗ್ರಾಮ್ ಥರದ ಸಗಟು ವ್ಯಾಪಾರಿಗಳು ಬೇಕಾದಾಗ ಬೇಕಾದಷ್ಟು ಕೊಡ್ತಿದ್ರು. ಇನ್ನೊಂದು, ಅಮೆರಿಕದ ಸುಪ್ರೀಂ ಕೋರ್ಟಿನ 1992ರ ಕ್ವಿಲ್ ತೀರ್ಪಿನ ಪ್ರಕಾರ ತನ್ನ ಅಂಗಡಿ ಗೋದಾಮು ಏನೂ ಇಲ್ಲದ ರಾಜ್ಯದ ಗಿರಾಕಿ ಹತ್ರ ಸೇಲ್ಸ್ ಟ್ಯಾಕ್ಸ್ ವಸೂಲಿ ಮಾಡೋ ಜವಾಬ್ದಾರಿ ಮಾರೋನ ಮೇಲೆ ಇರ್ಲಿಲ್ಲ, ಅಲ್ಲಿ ಆರೇಳು ಪರ್ಸೆಂಟ್ ಅನುಕೂಲ ಸುಮ್ನೆ ಸಿಗ್ತಿತ್ತು.

1998ರ ಬೇಸಿಗೆಯಲ್ಲಿ ರಾಯರು ಎರಡೂವರೆ ಲಕ್ಷ ಡಾಲರ್ ಹಾಕಿದ್ರು. ಏಂಜಲ್ ರೌಂಡ್, ಅಂದ್ರೆ ಶುರುವಲ್ಲೇ ಸ್ವಂತ ದುಡ್ಡು ಹಾಕೋರಿಂದ ಬಂದಿದ್ದು, ಒಟ್ಟು 8 ಲಕ್ಷ, ದುಡ್ಡು ಬಂದ ಮೇಲೆ ಕಂಪನಿಯ ಬೆಲೆ 40 ಲಕ್ಷ ಅಂತ ಕಟ್ಟಿದ್ರು, ಅಂದ್ರೆ ರಾಯರ ಪಾಲು ಆರು ಕಾಲು ಪರ್ಸೆಂಟ್. ಕೊಟ್ಟಿದ್ದು ಕಾಮನ್ ಶೇರು, ಕಂಪನಿ ಮಾರಾಟ ಆದಾಗ ಮೊದಲು ದುಡ್ಡು ಸಿಗೋ ಪ್ರಿಫರ್ಡ್ ಅಲ್ಲ. ಇದು ನೆನಪಲ್ಲಿರ್ಲಿ, ಕೊನೆಗೆ ಬೇಕಾಗತ್ತೆ.

ಒಂದು ವರ್ಷದ ಒಳಗೆ ಸುತ್ತಮುತ್ತ ಏನೇನಾಯ್ತು

ಆ 1998 ಎಂಥ ವರ್ಷ ಅಂದ್ರೆ, ಅಂಗಡಿಯವನು ತನ್ನ ಪ್ಲಾನ್ ಬರೆದು ಮುಗಿಸೋ ಹೊತ್ತಿಗೆ ಪ್ಲಾನ್ ಹಳೇದಾಗ್ತಿತ್ತು. ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್ ಶುರುವಾಯ್ತು, ಆಗ ಅದು ಡಿವಿಡಿ ಮಾರ್ತಾನೂ ಇತ್ತು, ಬಾಡಿಗೆಗೂ ಕೊಡ್ತಿತ್ತು. ಜುಲೈಯಲ್ಲಿ ಹಾಲಿವುಡ್ ಎಂಟರ್‌ಟೈನ್‌ಮೆಂಟ್ ಅನ್ನೋ ದೊಡ್ಡ ಬಾಡಿಗೆ ಅಂಗಡಿ ಸರಣಿಯವರು ಎಮರಿವಿಲ್‌ನಲ್ಲಿದ್ದ ರೀಲ್ ಡಾಟ್ ಕಾಮ್‌ನ ಸುಮಾರು 10 ಕೋಟಿ ಡಾಲರ್‌ಗೆ ಕೊಂಡ್ರು, ಆನ್‌ಲೈನ್ ಸಿನಿಮಾ ಅಂಗಡಿಗೂ ಇಷ್ಟು ಬೆಲೆ ಇದೆಯಾ ಅಂತ ಎಲ್ಲರ ತಲೆ ತಿರುಗಿದ್ದು ಅವಾಗಲೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಟೈಟಾನಿಕ್ ಕ್ಯಾಸೆಟ್ ಬಂದಾಗ ರೀಲ್ ಅದನ್ನ 9.99 ಡಾಲರ್‌ಗೆ ಮಾರ್ತು, ಅಸಲಿಗಿಂತ ಕಮ್ಮಿ. ಗಿರಾಕಿ ಪಟ್ಟಿ ಬೆಳೀಲಿ ಅಂತ ನಷ್ಟಕ್ಕೆ ಮಾರೋದು. ನವೆಂಬರಲ್ಲಿ ಅಮೆಜಾನ್ ವಿಡಿಯೋ ಅಂಗಡಿ ತೆಗೀತು, ಸಿನಿಮಾದ ದೊಡ್ಡ ಡೇಟಾಬೇಸ್ ಐಎಂಡಿಬಿನ ಆ ಹೊತ್ತಿಗಾಗ್ಲೇ ಕೊಂಡುಕೊಂಡಿತ್ತು.

ನೆಟ್‌ಫ್ಲಿಕ್ಸ್ ಅಮೆಜಾನ್ ಬರೋದನ್ನ ನೋಡಿ ಮಾರಾಟಾನೇ ಬಿಟ್ಟು ಬಾಡಿಗೆ ಒಂದನ್ನೇ ಹಿಡೀತು. ಆಗ ಅವರ ಆದಾಯದಲ್ಲಿ ದೊಡ್ಡ ಪಾಲು ಮಾರಾಟದಿಂದಾನೇ ಬರ್ತಿದ್ದಿದ್ದು. ಬರ್ತಿರೋ ದುಡ್ಡಿನ ಬಾಗಿಲು ತಾನೇ ಮುಚ್ಚೋದು ಅಂದ್ರೆ ಎಂಥ ಧೈರ್ಯ ಬೇಕು, ಇವತ್ತಿಗೂ ನನಗೆ ಆ ನಿರ್ಧಾರದ ಮೇಲೆ ಬಹಳ ಗೌರವ. ನಮ್ಮ ಅಂಗಡಿಯವನು ಮಾತ್ರ ಮಾರಾಟ ಬಿಡೋಕೆ ಒಪ್ಪಲಿಲ್ಲ, ಕಾರಣನೂ ಇತ್ತು, ಅವನ ಹತ್ರ ಸಿನಿಮಾ ವಿಮರ್ಶೆ ಬರೆಯೋ ಒಳ್ಳೆ ತಂಡ ಇತ್ತು, ಹಳೆ ಸಿನಿಮಾ, ಬೇರೆ ಭಾಷೆ ಸಿನಿಮಾ ಹುಡುಕ್ಕೊಂಡು ಬರೋರು ಇವನ ಪುಟಗಳಿಗೇ ಬರ್ತಿದ್ರು.

ಸಮಸ್ಯೆ

ಸಮಸ್ಯೆ ಒಂದೇ ಒಂದು ಲೆಕ್ಕದಲ್ಲಿತ್ತು. ಸರಾಸರಿ ಒಂದು ಆರ್ಡರ್ 40 ಡಾಲರ್, ಎರಡು ಡಿಸ್ಕ್. ಅಮೆಜಾನ್ ಕೊಡೋ ಡಿಸ್ಕೌಂಟ್ ನೋಡ್ಕೊಂಡು ಬೆಲೆ ಇಟ್ರೆ ಕೊಂಡ ಬೆಲೆ ಕಳೆದು 7 ಡಾಲರ್ ಉಳೀತಿತ್ತು, ಕಾರ್ಡಿನವರ ಕಮಿಷನ್, ಪ್ಯಾಕಿಂಗ್, ಫೋನ್‌ಗೆ ಉತ್ತರ ಕೊಡೋರ ಸಂಬಳ ಎಲ್ಲ ಹೋಗಿ ಕೈಗೆ 4. ಇದನ್ನ ಇಟ್ಕೊಂಡು ಜಾಹೀರಾತಿನ ದುಡ್ಡು ಹುಟ್ಟಬೇಕು. ಒಬ್ಬ ಗಿರಾಕಿನ ಕರ್ಕೊಂಡು ಬರೋಕೆ 12 ಡಾಲರ್ ಖರ್ಚಾದ್ರೆ ಅವನು ಮೂರು ಸಲ ಕೊಂಡ್ರೆ ಸಮ. 45 ಖರ್ಚಾದ್ರೆ ಹನ್ನೊಂದು ಹನ್ನೆರಡು ಸಲ ಕೊಳ್ಳಬೇಕು, ಅದೂ ಕೂಪನ್ ಇಲ್ದೆ.

1999ರ ಶುರುವಲ್ಲಿ ಒಂದು ವೆಂಚರ್ ಫಂಡ್ 60 ಲಕ್ಷ ಡಾಲರ್ ಕೊಡೋಕೆ ಮುಂದೆ ಬಂತು, ಆ ದುಡ್ಡು ಸೇರೋಕೆ ಮುಂಚೆ ಕಂಪನಿಯ ಬೆಲೆ 1.4 ಕೋಟಿ ಅಂತ ಒಪ್ಕೊಂಡು. ಷರತ್ತು ಕಾಗದದಲ್ಲಿ ಇರ್ಲಿಲ್ಲ, ಮಾತಲ್ಲಿತ್ತು: ಈ ದುಡ್ಡು ಬ್ಯಾಂಕಲ್ಲಿ ಕೂರಬಾರ್ದು, ಬೇಗ ಬೆಳೀಬೇಕು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ಜಾಗ ಹಿಡ್ಕೋಬೇಕು, ಮೊದಲು ಹಿಡಿದೋನದೇ ಜಾಗ, ಲಾಭದ ವಿಷಯ ಆಮೇಲೆ.

ಮುಂದಿದ್ದ ಎರಡು ದಾರಿ

ಒಂದು, ದೊಡ್ಡ ಪೋರ್ಟಲ್ ಒಂದರ ಜೊತೆ, ಅಂದ್ರೆ ಜನ ಇಂಟರ್ನೆಟ್‌ಗೆ ಬಂದ ಕೂಡ್ಲೇ ಮೊದಲು ತೆಗೆಯೋ ಸೈಟ್ ಜೊತೆ, ಎರಡು ವರ್ಷದ ಒಪ್ಪಂದ. ಅವರ ಸಿನಿಮಾ ವಿಭಾಗದಲ್ಲಿ ಎಲ್ಲೆಲ್ಲೂ ನಮ್ಮ ಅಂಗಡಿಯ ಬಟನ್ ಇರತ್ತೆ, ಆಗ ಇದಕ್ಕೆ ಆ್ಯಂಕರ್ ಟೆನೆಂಟ್ ಅಂತಿದ್ರು. ಫೀಸು 40 ಲಕ್ಷ ಡಾಲರ್, ಮೂರು ತಿಂಗಳಿಗೊಮ್ಮೆ ಮುಂಗಡ. ಇಷ್ಟು ಸಲ ಬ್ಯಾನರ್ ಜಾಹೀರಾತು ತೋರಿಸ್ತೀವಿ ಅನ್ನೋ ಗ್ಯಾರಂಟಿ ಇತ್ತು, ಇಷ್ಟು ಜನ ಕೊಳ್ತಾರೆ ಅನ್ನೋ ಗ್ಯಾರಂಟಿ ಇರ್ಲಿಲ್ಲ.

ಇನ್ನೊಂದು ದಾರಿ ಅಂಗಡಿಯವನಿಗೆ ಇಷ್ಟ ಆಗಿದ್ದು. ಹೊಸ ಡಿವಿಡಿ ಪ್ಲೇಯರ್ ಮಾರೋ ಡಬ್ಬದೊಳಗೇ ಒಂದು ಕೂಪನ್ ಚೀಟಿ ಇಡೋದು. ನೆಟ್‌ಫ್ಲಿಕ್ಸ್ ತೋಷಿಬಾ, ಸೋನಿ ಥರದವರ ಜೊತೆ ಇದನ್ನೇ ಮಾಡಿತ್ತು. ಪ್ಲೇಯರ್ ಮನೆಗೆ ತಂದೋನ ಹತ್ರ ಆ ದಿನ ಒಂದು ಡಿಸ್ಕೂ ಇರಲ್ಲ, ಚೀಟಿ ಕೈಗೆ ಸಿಗೋದು ಅವನಿಗೆ ಸಿನಿಮಾ ಬೇಕಾಗಿರೋ ಅದೇ ಗಳಿಗೆಯಲ್ಲಿ. ಪ್ಲೇಯರ್ ಕಂಪನಿಗೆ ಕೊಡೋ ದುಡ್ಡೂ ಚೀಟಿ ಬಳಸಿದ್ರೆ ಮಾತ್ರ. ಆದ್ರೆ ಇದರ ಮಿತಿ ಏನಂದ್ರೆ ಪ್ಲೇಯರ್ ಎಷ್ಟು ಮಾರಾಟ ಆಗತ್ತೋ ಅಷ್ಟೇ ಗಿರಾಕಿ, ನಾವು ಅವಸರ ಮಾಡಿದ್ರೂ ಅದು ಅವಸರಕ್ಕೆ ಬಗ್ಗಲ್ಲ. ಅಷ್ಟರಲ್ಲಿ ನಮಗೆ ಸಿಕ್ಕಿದ್ದೂ ಸಣ್ಣ ಬ್ರ್ಯಾಂಡ್ ಒಂದರ ಡಬ್ಬ ಮಾತ್ರ.

ಆಗಷ್ಟೇ ಡಿವೆಕ್ಸ್ ಅನ್ನೋ ಇನ್ನೊಂದು ಡಿಸ್ಕಿನ ಗಲಾಟೆನೂ ನಡೀತಿತ್ತು, ಸರ್ಕಿಟ್ ಸಿಟಿ ಅಂಗಡಿಯವರು ತಂದಿದ್ದು, ನೋಡಿದ್ದಕ್ಕಷ್ಟೇ ದುಡ್ಡು ಕೊಡೋ ವ್ಯವಸ್ಥೆ. ಯಾವುದು ಗೆಲ್ಲತ್ತೋ ಅಂತ ಜನ ಪ್ಲೇಯರ್ ಕೊಳ್ಳೋಕೆ ಹಿಂದೆ ಮುಂದೆ ನೋಡ್ತಿದ್ರು. 1999ರ ಜೂನಲ್ಲಿ ಅದನ್ನ ನಿಲ್ಲಿಸಿದ ಮೇಲೆ ಆ ಅನುಮಾನ ಹೋಯ್ತು. ಆದ್ರೆ ಅಲ್ಲೀವರೆಗೆ ಕಾಯೋಕೆ ಫಂಡಿನವರು ರೆಡಿ ಇರ್ಲಿಲ್ಲ.

ಏನೇನು ಪ್ರಯತ್ನ ಆಯ್ತು

ಸಹಿಗೆ ಮುಂಚೆ ರಾಯರು ಒಂದು ಕೆಲಸ ಮಾಡಿದ್ರು, ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ನಾನು ನಂಬಿರೋದು ಅದನ್ನೇ. ಅಂಗಡಿಯ ಡೇಟಾಬೇಸಿಂದ ಆರ್ಡರ್ ಪಟ್ಟಿ ತರಿಸ್ಕೊಂಡು, ಪ್ರತಿ ಗಿರಾಕಿ ಮೊದಲ ಸಲ ಎಲ್ಲಿಂದ ಬಂದ ಅಂತ ಗುಂಪು ಮಾಡ್ಸಿದ್ರು. ಆಗ ಈ ಥರ ನೋಡೋಕೆ ಯಾವ ಸಾಫ್ಟ್‌ವೇರೂ ಸುಲಭವಾಗಿ ಸಿಗ್ತಿರ್ಲಿಲ್ಲ, ಎಕ್ಸೆಲ್‌ನಲ್ಲಿ ಕೈಯಲ್ಲೇ ಮಾಡಿದ್ದು. ಬ್ಯಾನರ್ ನೋಡಿ ಹತ್ತು ಡಾಲರ್ ಕಡಿತದ ಕೂಪನ್ ಹಾಕಿ ಕೊಂಡೋರು ಒಂದು ಗುಂಪು, ಡಬ್ಬದ ಚೀಟಿಯಿಂದ ಬಂದೋರು ಒಂದು, ವಿಮರ್ಶೆ ಓದೋಕೆ ಬಂದು ಕೊಂಡೋರು ಒಂದು. ಆರು ತಿಂಗಳಲ್ಲಿ ಎರಡನೇ ಸಲ ಕೊಂಡಿದಾರಾ, ಕೊಂಡಿದ್ರೆ ಕೂಪನ್ ಇಲ್ದೆ ಕೊಂಡಿದಾರಾ, ಇಷ್ಟೇ ಪ್ರಶ್ನೆ.

ಬ್ಯಾನರ್ ಗುಂಪಲ್ಲಿ ನೂರಕ್ಕೆ ಹದಿನೈದು ಜನಾನೂ ವಾಪಸ್ ಬಂದಿರ್ಲಿಲ್ಲ. ಡಬ್ಬದ ಚೀಟಿಯೋರು ಸುಮಾರು ಅರ್ಧ ವಾಪಸ್ ಬಂದಿದ್ರು. ವಿಮರ್ಶೆ ಓದಿ ಬಂದೋರೂ ಹೆಚ್ಚು ಕಮ್ಮಿ ಹಾಗೇ, ಅವರಿಗೆ ಅಂತ ಜಾಹೀರಾತಿನ ಖರ್ಚು ಬಿದ್ದಿದ್ದು ಸೊನ್ನೆ.

ರಾಯರು ಹಾಳೆ ನೋಡಿ ನನ್ನ ಕಡೆ ತಿರುಗಿ, "ನೋಡಪ್ಪಾ, ಬ್ಯಾನರಿಂದ ಬಂದೋರು ಅಂಗಡಿಗೆ ಬಂದಿಲ್ಲ, ಕೂಪನ್‌ಗೆ ಬಂದಿದಾರೆ. ನಾಳೆ ಅಮೆಜಾನ್ ಇನ್ನೊಂದು ಡಾಲರ್ ಕಮ್ಮಿ ಮಾಡಿದ್ರೆ ಅಲ್ಲಿಗೆ ಹೋಗ್ತಾರೆ" ಅಂದ್ರು.

"ಪೋರ್ಟಲ್‌ನಿಂದ ಬರೋರೂ ಹಾಗೇ ಅಂತ ಹೇಗೆ ಹೇಳ್ತೀರಿ ಸಾರ್, ಇನ್ನೂ ಶುರುವೇ ಆಗಿಲ್ವಲ್ಲ" ಅಂತ ಕೇಳ್ದೆ.

"ಹೇಳಕ್ಕಾಗಲ್ಲ. ಅದಕ್ಕೇ ಎರಡು ವರ್ಷಕ್ಕೆ ಒಪ್ಕೋಬೇಡಿ, ಮೂರು ತಿಂಗಳು ನೋಡೋಣ ಅನ್ನೋದು."

ಬೋರ್ಡಿಗೆ ಅವರು ಬರೆದು ಕೊಟ್ಟ ಸಲಹೆ ಇದೇ: 60 ಲಕ್ಷ ಒಟ್ಟಿಗೆ ಬೇಡ, ಕಂತಲ್ಲಿ ಬರ್ಲಿ. ಜಾಹೀರಾತಿನ ಎರಡನೇ ಕಂತು ಬಿಡುಗಡೆ ಆಗೋದು ಮೊದಲ ಕಂತಲ್ಲಿ ಬಂದ ಗಿರಾಕಿಗಳಲ್ಲಿ ಇಷ್ಟು ಭಾಗ ಕೂಪನ್ ಇಲ್ದೆ ವಾಪಸ್ ಬಂದ್ರೆ ಮಾತ್ರ. ಪೋರ್ಟಲ್ ಒಪ್ಪಂದದಲ್ಲಿ ಮಧ್ಯೆ ಬಿಡೋ ಕಲಮು ಇರ್ಲಿ. ಫಂಡಿನವರು ಎರಡನ್ನೂ ತಳ್ಳಿ ಹಾಕಿದ್ರು. ಅವರ ವಾದದಲ್ಲೂ ಹುರುಳಿತ್ತು, ಪೋರ್ಟಲ್‌ನಲ್ಲಿ ಸಿನಿಮಾ ಅಂಗಡಿಗೆ ಅಂತ ಇರೋದು ಒಂದೇ ಜಾಗ, ನಾವು ಮೂರು ತಿಂಗಳು ಯೋಚನೆ ಮಾಡೋ ಅಷ್ಟರಲ್ಲಿ ಅದು ಇನ್ನೊಬ್ಬರ ಪಾಲಾಗತ್ತೆ. ಸ್ಥಾಪಕ ಎರಡು ದಿನ ಒದ್ದಾಡಿ ಫಂಡಿನ ಕಡೆ ಹೋದ. ಅವನನ್ನ ನಾನು ದೂರಲ್ಲ, ತಿಂಗಳ ಸಂಬಳಕ್ಕೆ ಆ ದುಡ್ಡು ಬೇಕಿತ್ತು.

ತಿರುವು ಬಂದಿದ್ದು ಇಲ್ಲಿ. ಫಂಡಿಗೆ ಇನ್ನೂ ಸ್ವಲ್ಪ ಜಾಸ್ತಿ ಪಾಲು ಬೇಕಿತ್ತು, ಸ್ಥಾಪಕನಿಗೆ ಹೊಸ ಶೇರು ಹುಟ್ಟಿಸಿ ತನ್ನ ಪಾಲು ಇನ್ನೂ ಕರಗಿಸೋಕೆ ಇಷ್ಟ ಇರ್ಲಿಲ್ಲ. ಆಗ ಏಂಜಲ್‌ಗಳಲ್ಲಿ ಯಾರಾದ್ರೂ ಮಾರ್ತೀರಾ ಅಂತ ಕೇಳಿದ್ರು. ಮಿಕ್ಕೋರು ಯಾರೂ ಒಪ್ಪಲಿಲ್ಲ, ಆರು ತಿಂಗಳಲ್ಲಿ ಬೆಲೆ ಮೂರು ಮೂರೂವರೆ ಪಟ್ಟು ಆಗಿದೆ, ಈಗ ಯಾಕೆ ಮಾರ್ಬೇಕು ಅಂತ. ರಾಯರು ತಮ್ಮ ಪಾಲಿನ ಮೂರನೇ ಒಂದು ಭಾಗ ಮಾರಿದ್ರು, ಸುಮಾರು 2.9 ಲಕ್ಷ ಡಾಲರ್ ಬಂತು. ಹಾಕಿದ ಅಸಲು ವಾಪಸ್, ಮೇಲೆ ಸ್ವಲ್ಪ. ಉಳಿದ ಎರಡು ಭಾಗ ಹಾಗೇ ಇಟ್ಕೊಂಡ್ರು, ಹೊಸ ರೌಂಡಿಗೆ ತಾವು ಒಂದು ಡಾಲರೂ ಹಾಕಲಿಲ್ಲ. ಸ್ನೇಹಿತರು ಕನ್ನಡಕೂಟದ ಊಟದಲ್ಲಿ ಕೂತಾಗ "ಅವಸರ ಪಟ್ರಿ" ಅಂತ ಹೇಳಿದ್ದೂ ಉಂಟು. ಅವರು ಮಾರಿದ್ದು ಅಂಗಡಿ ಮೇಲೆ ನಂಬಿಕೆ ಹೋಗಿ ಅಲ್ಲ, ಮುಂದೆ ಖರ್ಚಾಗೋ ದುಡ್ಡು ಯಾವ ಗಿರಾಕಿನ ತರತ್ತೆ ಅನ್ನೋದು ಆ ಹಾಳೆಯಲ್ಲಿ ಕಂಡಿತ್ತು, ಅದಕ್ಕೆ.

ಆಮೇಲೆ ಏನಾಯ್ತು

1999ರ ಕೊನೆ ಮೂರು ತಿಂಗಳು ಅದ್ಭುತವಾಗಿ ಕಾಣ್ತು. ಕ್ರಿಸ್‌ಮಸ್ ಸಮಯ, ಪೋರ್ಟಲ್ ಬಟನ್, ಹತ್ತು ಡಾಲರ್ ಕೂಪನ್ ಮೂರೂ ಸೇರಿ ಆರ್ಡರ್ ಸಂಖ್ಯೆ ಹಿಂದಿನ ವರ್ಷಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಯ್ತು. ಪ್ಯಾಕಿಂಗ್‌ಗೆ ರಾತ್ರಿ ಪಾಳಿ ಹಾಕಿದ್ರು. ಬೋರ್ಡ್ ಮೀಟಿಂಗಲ್ಲಿ ಆದಾಯದ ಗ್ರಾಫ್ ತೋರಿಸಿದ್ರು, ಗಿರಾಕಿ ಎಲ್ಲಿಂದ ಬಂದ ಅನ್ನೋ ಹಾಳೆ ಮಾಡೋದನ್ನ ಅಷ್ಟರಲ್ಲಿ ನಿಲ್ಲಿಸಿದ್ರು, ಟೈಮಿಲ್ಲ ಅಂತ.

ಇನ್ನೊಂದು ವಿಷಯ ಲೆಕ್ಕಪತ್ರ ಓದೋರು ಗಮನಿಸಬೇಕು. ಪೋರ್ಟಲ್ ಫೀಸು ಮುಂಗಡ ಹೋಗ್ತಿತ್ತು, ಪುಸ್ತಕದಲ್ಲಿ ಅದನ್ನ 24 ತಿಂಗಳಿಗೆ ಸಮನಾಗಿ ಹಂಚಿದ್ರು. ಇದು ತಪ್ಪಲ್ಲ, ಸೇವೆ ಸಿಗೋ ಅವಧಿಗೆ ಮುಂಗಡನ ಹಂಚೋದು ನಿಯಮಾನೇ. ಆದ್ರೆ ಬ್ಯಾಂಕಲ್ಲಿ ದುಡ್ಡು ಕರಗ್ತಿರೋ ವೇಗ ನಷ್ಟದ ಪಟ್ಟಿಯಲ್ಲಿ ಅಷ್ಟು ಕಾಣ್ತಿರ್ಲಿಲ್ಲ. ಜಾಹೀರಾತನ್ನ ಆಸ್ತಿ ಥರ ತೋರಿಸೋ ಆಸೆ ಆ ಕಾಲದಲ್ಲಿ ದೊಡ್ಡವರಿಗೂ ಇತ್ತು, ಇಂಟರ್ನೆಟ್ ಸೇವೆ ಕೊಡ್ತಿದ್ದ ಅಮೆರಿಕ ಆನ್‌ಲೈನ್ ಕಂಪನಿ ಹೊಸ ಸದಸ್ಯರನ್ನ ಹಿಡಿಯೋಕೆ ಮಾಡಿದ ಖರ್ಚನ್ನ ಆಸ್ತಿ ಅಂತ ಇಟ್ಟು, 1996ರಲ್ಲಿ ಸುಮಾರು 38.5 ಕೋಟಿ ಡಾಲರ್ ಒಂದೇ ಸಲ ನಷ್ಟ ಅಂತ ಬರೆದು ಹಾಕ್ಬೇಕಾಯ್ತು, ಆ ಹಳೆ ಲೆಕ್ಕಕ್ಕೆ 2000ದ ಮೇನಲ್ಲಿ ಅಲ್ಲಿನ ಷೇರು ನಿಯಂತ್ರಕರಿಗೆ 35 ಲಕ್ಷ ಡಾಲರ್ ದಂಡಾನೂ ಕಟ್ಟಿತು. ಹಾಗಾಗಿ ಜಾಹೀರಾತು "ಹೂಡಿಕೆ" ಅಂತ ಯಾರಾದ್ರೂ ಹೇಳಿದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟು ಓದ್ಬೇಕು.

2000ದ ಜನವರಿಯಲ್ಲಿ ಸೂಪರ್ ಬೌಲ್ ಪಂದ್ಯದ ಮಧ್ಯೆ ಡಾಟ್‌ಕಾಮ್ ಕಂಪನಿಗಳು ಅರ್ಧ ನಿಮಿಷಕ್ಕೆ 20 ಲಕ್ಷ ಡಾಲರ್ ಆಸುಪಾಸು ಕೊಟ್ಟು ಜಾಹೀರಾತು ಹಾಕಿದ್ವು. ಮಾರ್ಚ್ 10ಕ್ಕೆ ಟೆಕ್ ಕಂಪನಿಗಳೇ ಹೆಚ್ಚಿರೋ ಷೇರು ಸೂಚ್ಯಂಕ ನ್ಯಾಸ್‌ಡ್ಯಾಕ್ 5,048 ಮುಟ್ಟಿ ಅಲ್ಲಿಂದ ಇಳಿಯೋಕೆ ಶುರು. ಏಪ್ರಿಲ್‌ನಲ್ಲಿ ನಮ್ಮ ಅಂಗಡಿ ಮುಂದಿನ ರೌಂಡ್‌ಗೆ ಹೊರಟಾಗ ಸಿಕ್ಕಿದ ಹೊಸ ಫಂಡಿನವರು ಕೇಳಿದ ಮೊದಲ ಪ್ರಶ್ನೆ, ಕ್ರಿಸ್‌ಮಸ್‌ನಲ್ಲಿ ಬಂದ ಗಿರಾಕಿಗಳಲ್ಲಿ ಎಷ್ಟು ಜನ ಜನವರಿಯಿಂದ ಈಚೆಗೆ ಕೂಪನ್ ಇಲ್ದೆ ಕೊಂಡಿದಾರೆ. ಅವಸರದಲ್ಲಿ ಹಾಳೆ ಮತ್ತೆ ಮಾಡಿದ್ರು. ಪೋರ್ಟಲ್ ಗುಂಪು ಹಳೆ ಬ್ಯಾನರ್ ಗುಂಪಿಗಿಂತ ಸ್ವಲ್ಪ ವಾಸಿ ಅಷ್ಟೇ, ಒಬ್ಬೊಬ್ಬರಿಗೆ ಬಿದ್ದ ಖರ್ಚು ಕೂಪನ್ ಸೇರಿ 45 ಡಾಲರ್ ದಾಟಿತ್ತು. ಆ ಫಂಡಿನವರು ಆಮೇಲೆ ಫೋನ್ ಎತ್ತಲಿಲ್ಲ.

ಜೂನಲ್ಲಿ ಹಾಲಿವುಡ್ ಎಂಟರ್‌ಟೈನ್‌ಮೆಂಟ್‌ನವರು ರೀಲ್ ಡಾಟ್ ಕಾಮ್‌ನ ಮಾರಾಟ ವ್ಯಾಪಾರಾನೇ ಮುಚ್ಚಿದ್ರು, 10 ಕೋಟಿ ಕೊಟ್ಟು ಕೊಂಡು ಎರಡು ವರ್ಷ ಆಗಿತ್ತು ಅಷ್ಟೇ. ಅದಾದ ಮೇಲೆ ಆನ್‌ಲೈನ್ ಡಿವಿಡಿ ಅಂಗಡಿಗೆ ದುಡ್ಡು ಕೇಳೋಕೆ ಹೋದ್ರೆ ಎಲ್ಲರೂ ಅದನ್ನೇ ಬೊಟ್ಟು ಮಾಡಿ ತೋರಿಸೋರು. ನಮ್ಮ ಅಂಗಡಿ ಪೋರ್ಟಲ್ ಜೊತೆ ಮಾತಾಡಿ ಉಳಿದ ಕಂತುಗಳನ್ನ ಒಂದಿಷ್ಟು ಕೊಟ್ಟು ಬಿಡಿಸ್ಕೊಳ್ತು, ಅರ್ಧ ಜನಾನ ಮನೆಗೆ ಕಳ್ಸ್ತು. ಶರತ್ಕಾಲದಲ್ಲಿ ಇನ್ನೊಂದು ಕಂಪನಿ ಬಂದು ಕೊಂಡ್ಕೊಳ್ತು, ಸಾಲ ತೀರಿಸಿ ಉಳಿದಿದ್ದು 45 ಲಕ್ಷ ಡಾಲರ್. ಫಂಡಿನದು ಪ್ರಿಫರ್ಡ್ ಶೇರು, ಅವರ 60 ಲಕ್ಷ ಮೊದಲು ತೀರಬೇಕು ಅಂತ ಒಪ್ಪಂದ. 45 ಲಕ್ಷ ಪೂರ್ತಿ ಅಲ್ಲಿಗೇ ಹೋಯ್ತು. ಕಾಮನ್ ಶೇರಿನವರಿಗೆ, ಅಂದ್ರೆ ಸ್ಥಾಪಕನಿಗೆ, ಕೆಲಸದವರಿಗೆ, ಏಂಜಲ್‌ಗಳಿಗೆ, ಸೊನ್ನೆ. ರಾತ್ರಿ ಪಾಳಿಯಲ್ಲಿ ಪ್ಯಾಕ್ ಮಾಡಿದ ಹುಡುಗರ ಹತ್ರಾನೂ ಮುಂದೆ ಶೇರು ಕೊಳ್ಳೋ ಹಕ್ಕಿನ ಆಪ್ಷನ್ ಕಾಗದ ಇತ್ತು, ಅದು ನನಗೆ ಇವತ್ತಿಗೂ ನೋವಿನ ವಿಷಯ.

ಕೊಂಡವರು ದುಡ್ಡು ಕೊಟ್ಟಿದ್ದು ಯಾವುದಕ್ಕೆ ಅಂತ ನೋಡಿದ್ರೆ, ವಿಮರ್ಶೆಗಳಿಗೆ, ಮತ್ತೆ ಎರಡಕ್ಕಿಂತ ಹೆಚ್ಚು ಸಲ ಕೊಂಡ ಗಿರಾಕಿಗಳ ಪಟ್ಟಿಗೆ. ಒಂದೇ ಸಲ ಕೊಂಡು ಹೋದ ಲಕ್ಷಗಟ್ಟಲೆ ಹೆಸರಿಗೆ ಅವರು ಬೆಲೆ ಕಟ್ಟಲೇ ಇಲ್ಲ. ಪೋರ್ಟಲ್‌ಗೆ ದುಡ್ಡು ಸುರಿದಿದ್ದು ಆ ಹೆಸರುಗಳಿಗೆ.

ಈ ಪ್ರಕರಣ ಓದೋರು ಏನು ತಗೋಬಹುದು

ಡಬ್ಬದ ಚೀಟಿಯ ದಾರಿನೇ ಹಿಡಿದಿದ್ರೆ ಅಂಗಡಿ ಉಳೀತಿತ್ತು ಅಂತ ನಾನು ಹೇಳಲ್ಲ. ಆರ್ಡರಿಗೆ ನಾಲ್ಕು ಡಾಲರ್ ಉಳಿಯೋ ವ್ಯಾಪಾರದಲ್ಲಿ ಅಮೆಜಾನ್ ಎದುರು ಬಹಳ ವರ್ಷ ನಿಲ್ಲೋದು ಕಷ್ಟಾನೇ ಇತ್ತು, ನೆಟ್‌ಫ್ಲಿಕ್ಸ್ ಮಾರಾಟ ಬಿಟ್ಟಿದ್ದಕ್ಕೆ ಕಾರಣಾನೂ ಅದೇ. ಆದ್ರೆ ನಿಧಾನವಾಗಿ ಹೋಗಿದ್ರೆ 2000ದ ಏಪ್ರಿಲ್‌ಗೆ ಬ್ಯಾಂಕಲ್ಲಿ ದುಡ್ಡಿರ್ತಿತ್ತು, ಬೇರೇನಾದ್ರೂ ಆಗೋ ಸಮಯ ಇರ್ತಿತ್ತು. ನಿಶ್ಚಿತ ಫೀಸಿನ ಜಾಹೀರಾತು ಒಪ್ಪಂದ ಅಂದ್ರೆ ಅದೊಂದು ಸಾಲ. ವ್ಯಾಪಾರ ಆಗ್ಲಿ ಬಿಡ್ಲಿ ಕಂತು ಕಟ್ಟಬೇಕು, ಹಾಗಾಗಿ ಅದನ್ನ ಸಾಲದ ಸಾಲಿನಲ್ಲೇ ಬರೆದು ನೋಡ್ಬೇಕು.

ಬೆಳವಣಿಗೆಯ ಗ್ರಾಫಿಗೂ ಗಿರಾಕಿ ಹಾಳೆಗೂ ಜಗಳ ಬಂದ್ರೆ ಹಾಳೆ ಕಡೆ ನಿಲ್ಲಿ. ಕಂಪನಿಯವರು ಯಾವ ತಿಂಗಳಲ್ಲಿ ಆ ಹಾಳೆ ಮಾಡೋದು ನಿಲ್ಲಿಸ್ತಾರೋ ಆ ತಿಂಗಳಲ್ಲಿ ಎದ್ದು ಕೇಳೋ ಹಕ್ಕು ಹೂಡಿಕೆದಾರನಿಗೆ ಕಾಗದದಲ್ಲೇ ಇರ್ಬೇಕು. ರಾಯರಿಗೆ ಆ ಹಕ್ಕು ಇರ್ಲಿಲ್ಲ, ಸೌಜನ್ಯಕ್ಕೆ ಕೊಟ್ಟಿದ್ರು, ಅವಸರ ಬಂದಾಗ ನಿಲ್ಲಿಸಿದ್ರು.

ಮುಂದಿನ ಹೂಡಿಕೆಗಳಲ್ಲಿ ರಾಯರು ಮೂರು ಕಲಮು ಇಲ್ದೆ ಸಹಿ ಹಾಕಿಲ್ಲ. ಸಣ್ಣ ಮೊತ್ತ ಆದ್ರೂ ಪ್ರಿಫರ್ಡ್ ಶೇರು. ಹೊಸ ದುಡ್ಡು ಬಂದಾಗ ತಮ್ಮ ಪಾಲಲ್ಲಿ ಒಂದಿಷ್ಟು ಮಾರೋ ಅವಕಾಶ. ಗಿರಾಕಿ ಎಲ್ಲಿಂದ ಬಂದ, ಮತ್ತೆ ಬಂದನಾ, ಪೂರ್ತಿ ಬೆಲೆ ಕೊಟ್ಟನಾ ಅನ್ನೋ ಹಾಳೆ ಮೂರು ತಿಂಗಳಿಗೊಮ್ಮೆ. ಮೂರನೇದಕ್ಕೆ ಸ್ಥಾಪಕರು ಹಿಂದೇಟು ಹಾಕಿದ ಎರಡು ಕಡೆ ದುಡ್ಡು ಹಾಕದೆ ಎದ್ದು ಬಂದ್ರು.